ನೀಲಿ ಪರದೆಯನ್ನು ಅಳಿಸಬೇಡಿ, ಓದಿ

ಮಾನ್ಯ ಸಂಪಾದಕರೇ,

ಕೆಲವು ವಾರಗಳ ಹಿಂದೆ ನಿಮ್ಮ ತಂತ್ರಜ್ಞಾನ ಪುಟದಲ್ಲಿ ಬಂದ ಕಂಪ್ಯೂಟರ್ ಸಲಹೆಗಳಲ್ಲಿ ಎರಡು ಸಾಲುಗಳಿದ್ದವು. ಒಂದು: ‘ಎಲ್ಲ ಡ್ರೈವರ್‌ಗಳನ್ನೂ ಆಗಾಗ ಅಪ್‌ಡೇಟ್ ಮಾಡಿಕೊಳ್ಳಿ.’ ಇನ್ನೊಂದು: ‘ನೀಲಿ ಪರದೆ ಪದೇ ಪದೇ ಬಂದರೆ ಫಾರ್ಮ್ಯಾಟ್ ಮಾಡಿಸುವುದೇ ಕ್ಷೇಮ.’ (ಡ್ರೈವರ್ ಎಂದರೆ ಒಂದೊಂದು ಯಂತ್ರಭಾಗವನ್ನು ವಿಂಡೋಸಿನೊಡನೆ ಮಾತಾಡಿಸುವ ತಂತ್ರಾಂಶ. ನೀಲಿ ಪರದೆ ಎಂದರೆ ವಿಂಡೋಸ್ ಕುಸಿದಾಗ ಕಾಣುವುದು. ಫಾರ್ಮ್ಯಾಟ್ ಎಂದರೆ ಡಿಸ್ಕನ್ನು ಅಳಿಸಿ ಎಲ್ಲವನ್ನೂ ಹೊಸದಾಗಿ ಹಾಕುವುದು.) ಎರಡನ್ನೂ ನಾನು ಚಾಚೂ ತಪ್ಪದೆ ಪಾಲಿಸಿದೆ. ಮೊದಲನೆಯದರಿಂದ ಕಾಯಿಲೆ ಬಂತು. ಎರಡನೆಯದರಿಂದ ಕಾಯಿಲೆಯ ಗುರುತುಗಳೆಲ್ಲ ಅಳಿಸಿಹೋದವು, ಕಾಯಿಲೆ ಮಾತ್ರ ಉಳಿಯಿತು. ಈ ಪತ್ರ ಉದ್ದವಾಗಿದೆ ಎಂದು ಬಲ್ಲೆ. ಕತ್ತರಿಸಲೇಬೇಕಾದರೆ ನನ್ನ ಗೋಳನ್ನು ಕತ್ತರಿಸಿ, ವಿವರಗಳನ್ನು ದಯವಿಟ್ಟು ಉಳಿಸಿ.

ನಾನು 31 ವರ್ಷ ಪ್ರೂಫ್ ನೋಡಿದವಳು. ನಿವೃತ್ತಿಯಾದ ಮೇಲೆ ಪುಸ್ತಕಗಳಿಗೆ ಪದಸೂಚಿ ಮಾಡಿಕೊಡುತ್ತೇನೆ. ಪುಸ್ತಕದ ಕೊನೆಯಲ್ಲಿ ‘ಅನುಪ್ರಾಸ 14, 92, 203’ ಎಂದು ಸಣ್ಣಕ್ಷರದಲ್ಲಿ ಅಚ್ಚಾಗಿರುತ್ತದಲ್ಲ, ಯಾರೂ ಮೆಚ್ಚದ, ತಪ್ಪಿದ್ದರೆ ಮಾತ್ರ ಎಲ್ಲರೂ ಬೈಯುವ ಆ ಪುಟಗಳು ನನ್ನ ಕೆಲಸ. ಆರು ವರ್ಷ ಹಳೆಯ ಒಂದು ಡೆಸ್ಕ್‌ಟಾಪ್ ಇದೆ. ಅದು ನನಗೆ ಒಂದು ದಿನವೂ ತೊಂದರೆ ಕೊಟ್ಟಿರಲಿಲ್ಲ.

ನಿಮ್ಮ ಸಲಹೆಯನ್ನು ಓದಿದ ದಿನ ಉಚಿತವಾಗಿ ಸಿಗುವ ಒಂದು ‘ಡ್ರೈವರ್ ಅಪ್‌ಡೇಟರ್’ ತಂತ್ರಾಂಶವನ್ನು ಹಾಕಿಕೊಂಡೆ. ಅದು ಕಂಪ್ಯೂಟರನ್ನು ಜಾಲಾಡಿ, 23 ಡ್ರೈವರ್‌ಗಳು ಹಳತಾಗಿವೆ ಎಂದು ಕೆಂಪಕ್ಷರದಲ್ಲಿ ಎಚ್ಚರಿಸಿತು. ಕೆಂಪು ಶಾಯಿ ಕಂಡರೆ ತಿದ್ದದೆ ಬಿಡುವ ಅಭ್ಯಾಸ ನನಗಿಲ್ಲ. ‘ಎಲ್ಲವನ್ನೂ’ ಎಂಬ ಗುಂಡಿ ಒತ್ತಿದೆ.

ಮಾರನೆಯ ದಿನ 480 ಪುಟಗಳ ಸ್ಕ್ಯಾನ್ ಪ್ರತಿಯನ್ನು ಪ್ರಕಾಶಕರಿಗೆ ಕಳುಹಿಸುತ್ತಿದ್ದಾಗ ಪರದೆ ನೀಲಿಯಾಯಿತು. ಒಂದು ಸಪ್ಪೆ ಮೋರೆ, ಏರುತ್ತಿರುವ ಶೇಕಡಾ ಲೆಕ್ಕ, ಅದರ ಕೆಳಗೆ ಇಂಗ್ಲಿಷಿನ ಒಂದು ಸಾಲು. ನಾನು ಕನ್ನಡಕ ಸರಿಮಾಡಿಕೊಳ್ಳುವಷ್ಟರಲ್ಲಿ ಯಂತ್ರ ತಾನಾಗಿ ರಿಸ್ಟಾರ್ಟ್ ಆಗಿತ್ತು. (ವಿಂಡೋಸ್ 11ರ ಈಚಿನ ಆವೃತ್ತಿಗಳಲ್ಲಿ ಈ ಪರದೆ ಕಪ್ಪು ಬಣ್ಣಕ್ಕೆ ತಿರುಗಿದೆ. ಸಾವಿನ ಸುದ್ದಿ ಯಾವ ಬಣ್ಣದ ಕಾಗದದಲ್ಲಿ ಬಂದರೇನು.) ಅಂದು ಮಧ್ಯಾಹ್ನವಿಡೀ ಮಾಡಿದ ಪುಟಸಂಖ್ಯೆಗಳ ಪಟ್ಟಿಯಲ್ಲಿ ಉಳಿಸಿಕೊಳ್ಳದ ಭಾಗವೆಲ್ಲ ಹೋಗಿತ್ತು.

ಕಂಪ್ಯೂಟರ್ ಕೆಟ್ಟಾಗ ಕಂಡವರೆಲ್ಲ ವೈದ್ಯರು. ಒಬ್ಬರು ವೈರಸ್ ಎಂದರು, ಒಬ್ಬರು ಫ್ಯಾನಿನಲ್ಲಿ ದೂಳು ತುಂಬಿ ಬಿಸಿಯಾಗಿದೆ ಎಂದರು, ಇನ್ನೊಬ್ಬರು ರ‍್ಯಾಮ್ ಬದಲಿಸಿ ಎಂದರು. ರಿಪೇರಿಗೆ ಬಂದ ಯುವಕ ಯಾವುದನ್ನೂ ಕೇಳದೆ, ಪರದೆಯ ಮೇಲೆ ಏನು ಬರೆದಿತ್ತು ಎಂದೂ ವಿಚಾರಿಸದೆ, ‘ಫಾರ್ಮ್ಯಾಟ್ ಮಾಡಿಬಿಡೋಣ’ ಎಂದ. ನಿಮ್ಮ ಪುಟದಲ್ಲೂ ಹಾಗೆಯೇ ಇತ್ತು, ಒಪ್ಪಿದೆ. ಕನ್ನಡ ಫಾಂಟುಗಳು, ಕೀಲಿಮಣೆಯ ವ್ಯವಸ್ಥೆ, ವರ್ಷಗಳಿಂದ ಕೂಡಿಸಿದ ಕಾಗುಣಿತದ ಪಟ್ಟಿ, ಎಲ್ಲವನ್ನೂ ಮತ್ತೆ ಜೋಡಿಸಿಕೊಳ್ಳಲು ಎರಡು ದಿನ ಹಿಡಿಯಿತು. ಜೋಡಿಸಿದ್ದರಲ್ಲಿ ಆ ಅಪ್‌ಡೇಟರ್ ಕೂಡ ಇತ್ತು. ಮತ್ತೆ ಕೆಂಪಕ್ಷರ, ಮತ್ತೆ ‘ಎಲ್ಲವನ್ನೂ’. ಮೂರನೆಯ ದಿನ ನೀಲಿ ಪರದೆ ಮರಳಿ ಬಂತು.

ಫಾರ್ಮ್ಯಾಟ್ ಮಾಡಿಸಿ ನಾನು ಕಳೆದುಕೊಂಡದ್ದು ಫಾಂಟುಗಳನ್ನಷ್ಟೇ ಅಲ್ಲ ಎಂಬುದು ತಿಳಿದದ್ದು ಆಮೇಲೆ. ವಿಂಡೋಸ್ ಹೀಗೆ ಕುಸಿದಾಗಲೆಲ್ಲ, ಆ ಗಳಿಗೆಯಲ್ಲಿ ಒಳಗೆ ಏನು ನಡೆಯುತ್ತಿತ್ತು ಎಂಬುದರ ಒಂದು ಸಣ್ಣ ದಾಖಲೆಯನ್ನು ತನ್ನ ಫೋಲ್ಡರಿನ ಒಳಗೆ ‘ಮಿನಿಡಂಪ್’ ಎಂಬ ಜಾಗದಲ್ಲಿ ಬರೆದಿಡುತ್ತದೆ. ಡ್ರೈವರ್ ಬದಲಾದಾಗ ಹಿಂದಿನದನ್ನೂ ಎತ್ತಿಟ್ಟಿರುತ್ತದೆ. ಯಂತ್ರಭಾಗಗಳನ್ನು ಪಟ್ಟಿಮಾಡಿ ತೋರಿಸುವ ಡಿವೈಸ್ ಮ್ಯಾನೇಜರಿನಲ್ಲಿ ‘ರೋಲ್ ಬ್ಯಾಕ್ ಡ್ರೈವರ್’ ಎಂಬ ಗುಂಡಿ ಒತ್ತಿದರೆ ಆ ಹಳೆಯದು ಮರಳುತ್ತದೆ. ಒಂದು ನಿಮಿಷದಲ್ಲಿ ಮುಗಿಯುತ್ತಿದ್ದ ಕೆಲಸ. ನಾವು ಸಾಕ್ಷಿಯನ್ನೂ ಔಷಧಿಯನ್ನೂ ಒಟ್ಟಿಗೆ ಗುಡಿಸಿ ಹಾಕಿದ್ದೆವು.

ಕೊನೆಗೆ ದಾರಿ ತೋರಿಸಿದ್ದು ದೂರದಲ್ಲಿರುವ ನನ್ನ ತಂಗಿಯ ಮಗ, ಅದೂ ಫೋನಿನಲ್ಲಿ. ‘ದೊಡ್ಡಮ್ಮ, ನೀವು ಪ್ರೂಫ್ ನೋಡುವ ಹಾಗೆಯೇ ಇದನ್ನೂ ನೋಡಿ. ಅದೇ ತಪ್ಪು ಎಲ್ಲೆಲ್ಲಿ ಬರುತ್ತದೆ ಎಂದು ಬರೆದಿಡಿ. ಬರೆಯುವವರೆಗೂ ಏನನ್ನೂ ತಿದ್ದಬೇಡಿ’ ಎಂದ. ಈ ಕೊನೆಯ ಮಾತು ನನ್ನ ವೃತ್ತಿಯವರಿಗೆ ಹೇಳಬೇಕಾದದ್ದೇ ಅಲ್ಲ. ಆದರೂ ಹೇಳಿಸಿಕೊಂಡೆ.

ಮೊದಲು ಆತ ಮಾಡಿಸಿದ್ದು ನೀಲಿ ಪರದೆ ಓಡಿಹೋಗದಂತೆ ಹಿಡಿದು ನಿಲ್ಲಿಸುವ ಕೆಲಸ. ಸಿಸ್ಟಮ್ ಸೆಟ್ಟಿಂಗ್‌ಗಳ ‘ಸ್ಟಾರ್ಟಪ್ ಅಂಡ್ ರಿಕವರಿ’ ಎಂಬ ಚೌಕದಲ್ಲಿ ‘ಆಟೊಮ್ಯಾಟಿಕಲಿ ರಿಸ್ಟಾರ್ಟ್’ ಎಂಬುದರ ಮುಂದಿನ ಗುರುತನ್ನು ತೆಗೆದರೆ, ಯಂತ್ರ ಆ ಪರದೆಯಲ್ಲೇ ನಿಲ್ಲುತ್ತದೆ. ನಿಧಾನವಾಗಿ ಓದಬಹುದು, ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಬಹುದು. ಆಮೇಲೆ ಒಂದು ನೋಟ್‌ಬುಕ್ಕಿನಲ್ಲಿ ಮೂರು ಕಲಮು ಗೆರೆ ಹಾಕಿದೆ: ಹೊತ್ತು, ಆಗ ನಾನು ಮಾಡುತ್ತಿದ್ದ ಕೆಲಸ, ಪರದೆಯಲ್ಲಿದ್ದ ಹೆಸರು.

ಒಂಬತ್ತು ದಿನಗಳಲ್ಲಿ 11 ನಮೂದುಗಳಾದವು. ಸುಮ್ಮನೆ ಬರೆಯುತ್ತಿದ್ದಾಗ ಯಂತ್ರ ಒಮ್ಮೆಯೂ ಬಿದ್ದಿರಲಿಲ್ಲ. ಒಂಬತ್ತು ಸಲ ದೊಡ್ಡ ಕಡತವೊಂದು ನೆಟ್‌ವರ್ಕ್ ಕೇಬಲಿನ ಮೂಲಕ ಹೋಗುತ್ತಲೋ ಬರುತ್ತಲೋ ಇತ್ತು. ಉಳಿದೆರಡು ಸಲ ಸ್ಲೀಪ್‌ಗೆ ಹೋಗಿದ್ದ ಕಂಪ್ಯೂಟರನ್ನು ಎಬ್ಬಿಸುವಾಗ ಆದದ್ದು. ಒಂಬತ್ತಕ್ಕೂ ಒಂದೇ ಹೆಸರು: ‘ಡ್ರೈವರ್ ಐಆರ್‌ಕ್ಯೂಎಲ್ ನಾಟ್ ಲೆಸ್ ಆರ್ ಈಕ್ವಲ್’. ಆ ಎರಡಕ್ಕೆ ಮಾತ್ರ ‘ಡ್ರೈವರ್ ಪವರ್ ಸ್ಟೇಟ್ ಫೇಲ್ಯೂರ್’. ಎರಡರಲ್ಲೂ ‘ಡ್ರೈವರ್’ ಎಂಬ ಮಾತು ಅಷ್ಟು ದಪ್ಪ ಅಕ್ಷರದಲ್ಲಿ ಇದ್ದರೂ ನಾವೆಲ್ಲ ಫ್ಯಾನಿನ ದೂಳು ಒರೆಸುತ್ತಿದ್ದೆವು!

ಪ್ರತಿ ಸಲವೂ ಬೇರೆ ಬೇರೆ ಹೆಸರಿನ ದೋಷ ಬರುತ್ತಿದ್ದರೆ ರ‍್ಯಾಮ್ ಅಥವಾ ಬೇರೆ ಯಂತ್ರಭಾಗವನ್ನು ಅನುಮಾನಿಸಬೇಕು, ಅದದೇ ಹೆಸರು ಅದದೇ ಸಂದರ್ಭದಲ್ಲಿ ಬಂದರೆ ಡ್ರೈವರನ್ನು ಅನುಮಾನಿಸಬೇಕು ಎಂದು ತಂಗಿಯ ಮಗ ಹೇಳಿದ. ಹಾಗಿದ್ದೂ ರ‍್ಯಾಮ್ ಪರೀಕ್ಷೆಯನ್ನು ಒಂದು ರಾತ್ರಿಯಿಡೀ ನಡೆಸಿದೆವು. ದೋಷವಿರಲಿಲ್ಲ. ಆಮೇಲಿನ ಪರೀಕ್ಷೆ ನನಗೆ ಬಹಳ ಹಿಡಿಸಿತು. ವಿಂಡೋಸನ್ನು ‘ಸೇಫ್ ಮೋಡ್’ನಲ್ಲಿ ತೆರೆಯಬಹುದು, ಆಗ ತೀರಾ ಅಗತ್ಯವಾದ ಡ್ರೈವರ್‌ಗಳಷ್ಟೇ ಏಳುತ್ತವೆ. ‘ಸೇಫ್ ಮೋಡ್ ವಿತ್ ನೆಟ್‌ವರ್ಕಿಂಗ್’ ಎಂದೂ ಒಂದಿದೆ, ಅದರಲ್ಲಿ ಅವುಗಳ ಜೊತೆಗೆ ನೆಟ್‌ವರ್ಕಿಗೆ ಬೇಕಾದವು ಏಳುತ್ತವೆ. ಮೊದಲನೆಯದರಲ್ಲಿ ಒಂದು ಹಗಲು ಪೂರ್ತಿ ಯಂತ್ರ ಅಲುಗಾಡಲಿಲ್ಲ. ಎರಡನೆಯದರಲ್ಲಿ ಮನೆಯ ಇನ್ನೊಂದು ಕಂಪ್ಯೂಟರಿಗೆ ಆ 480 ಪುಟಗಳನ್ನು ನಕಲು ಮಾಡಲು ಹಚ್ಚಿದೆ. ಹತ್ತು ನಿಮಿಷವೂ ಆಗಿರಲಿಲ್ಲ, ನೀಲಿ. ಯಂತ್ರ ಕುಸಿದದ್ದಕ್ಕೆ ಖುಷಿಪಟ್ಟದ್ದು ಅದೊಂದೇ ಸಲ.

ಮಿನಿಡಂಪ್ ಕಡತಗಳನ್ನು ಆತನಿಗೆ ಕಳುಹಿಸಿದೆ, ಬೇರೆ ಕಂಪ್ಯೂಟರಿನಿಂದ ಎಂದು ಬೇರೆ ಹೇಳಬೇಕಿಲ್ಲ. ಮೈಕ್ರೋಸಾಫ್ಟ್ ಉಚಿತವಾಗಿ ಕೊಡುವ ‘ವಿಂಡಿಬಿಜಿ’ ಎಂಬ ಸಾಧನದಲ್ಲಿ ಅವನ್ನು ತೆರೆದಾಗ ಮೊದಲು ಕಂಡ ಹೆಸರು ಎನ್‌ಡಿಐಎಸ್. ಇದು ಮೈಕ್ರೋಸಾಫ್ಟ್ ಮತ್ತು 3ಕಾಮ್ ಕಂಪನಿಗಳು ಸೇರಿ ರೂಪಿಸಿದ ಪದ್ಧತಿ. ಯಾವ ತಯಾರಕರ ನೆಟ್‌ವರ್ಕ್ ಕಾರ್ಡೇ ಆಗಲಿ, ವಿಂಡೋಸಿನೊಡನೆ ಮಾತಾಡುವುದು ಇದರ ಮೂಲಕ. ಹಾಗಾದರೆ ತಪ್ಪು ವಿಂಡೋಸಿನದೇ ಎಂದು ನಾನು ಕೇಳಿದೆ. ‘ಹೆಣ ಸಿಕ್ಕ ಮನೆಯವರೇ ಕೊಲೆಗಾರರಾಗಬೇಕಿಲ್ಲ, ದೊಡ್ಡಮ್ಮ’ ಎಂದು ನಕ್ಕ. ಯಾವ ತಂತ್ರಾಂಶ ಯಾವುದನ್ನು ಕರೆಯಿತು ಎಂಬ ಸರಣಿಯಲ್ಲಿ ಒಂದು ಮೆಟ್ಟಿಲು ಕೆಳಗೆ ಇಳಿದು ನೋಡಿದರೆ ಪ್ರತಿ ಸಲವೂ ಅಲ್ಲಿ ನನ್ನ ನೆಟ್‌ವರ್ಕ್ ಕಾರ್ಡಿನ ಡ್ರೈವರ್ ಕಡತವಿತ್ತು. ಅಪ್‌ಡೇಟರ್ ತಂದು ಕೂರಿಸಿದ್ದೇ ಅದು. (ಕಾರ್ಡ್ ಎಂಬುದು ರೂಢಿಯ ಮಾತು. ನನ್ನದರಲ್ಲಿ ಅದು ಮದರ್‌ಬೋರ್ಡಿಗೇ ಬೆಸೆದಿರುವ ಉಗುರಿನಗಲದ ಒಂದು ಚಿಪ್.) ತಯಾರಕರ ಹೆಸರು ಬರೆಯುವುದಿಲ್ಲ. ಅವರ ಚಿಪ್ಪಿನ ತಪ್ಪೇನೂ ಇರಲಿಲ್ಲ.

ಏನಾಗಿತ್ತು ಎಂಬುದನ್ನು ನನ್ನ ಕಸುಬಿನ ಮಾತಿನಲ್ಲೇ ಹೇಳಿದರೆ ನಿಮ್ಮ ಓದುಗರಿಗೂ ತಿಳಿದೀತು. ಒಂದು ಪುಸ್ತಕದ ಮೊದಲ ಮುದ್ರಣಕ್ಕೆ ಮಾಡಿದ ಪದಸೂಚಿಯನ್ನು, ನಡುವೆ ಎಂಟು ಪುಟ ಸೇರಿಸಿ ಮಾಡಿದ ಎರಡನೆಯ ಮುದ್ರಣಕ್ಕೆ ಹಾಗೆಯೇ ಅಂಟಿಸಿದರೆ ಏನಾಗುತ್ತದೆ? ಶೀರ್ಷಿಕೆ ಅದೇ, ಲೇಖಕರು ಅವರೇ, ಪದಗಳೂ ಅವೇ. ಆದರೆ 203ನೆಯ ಪುಟಕ್ಕೆ ಹೋದವರಿಗೆ ಅಲ್ಲಿ ಬೇರೇನೋ ಸಿಗುತ್ತದೆ. ಪ್ರತಿಯೊಂದು ಯಂತ್ರಭಾಗಕ್ಕೂ ಒಂದು ಗುರುತಿನ ಸಾಲು ಇರುತ್ತದೆ. ಡಿವೈಸ್ ಮ್ಯಾನೇಜರಿನಲ್ಲಿ ಆ ಭಾಗದ ‘ಪ್ರಾಪರ್ಟೀಸ್’ ತೆರೆದು ‘ಡೀಟೇಲ್ಸ್’ನಲ್ಲಿ ‘ಹಾರ್ಡ್‌ವೇರ್ ಐಡೀಸ್’ ಎಂದು ಆರಿಸಿದರೆ ಕಾಣುತ್ತದೆ. ಅದರಲ್ಲಿ ‘ವೆಂಡರ್’ ಎಂದರೆ ತಯಾರಕರ ಸಂಖ್ಯೆ, ‘ಡಿವೈಸ್’ ಎಂದರೆ ಚಿಪ್ಪಿನ ಸಂಖ್ಯೆ, ‘ಸಬ್‌ಸಿಸ್ಟಮ್’ ಎಂದರೆ ಅದನ್ನು ಯಾರ ಬೋರ್ಡಿನಲ್ಲಿ ಕೂರಿಸಿದ್ದಾರೆ ಎಂಬುದು, ‘ರಿವಿಜನ್’ ಎಂದರೆ ಎಷ್ಟನೆಯ ಪರಿಷ್ಕರಣ ಎಂಬುದು. ಮೊದಲೆರಡು ಒಂದೇ ಆಗಿದ್ದು ಕೊನೆಯದು ಬೇರೆ ಬೇರೆಯಾಗಿರುವ ಚಿಪ್ಪುಗಳು ಎಷ್ಟೋ ಇವೆ. ನಮ್ಮ ಅಪ್‌ಡೇಟರ್ ಮಹಾಶಯ ನೋಡಿದ್ದು ಮೊದಲೆರಡನ್ನು, ಆಮೇಲೆ ದಿನಾಂಕವನ್ನು. ಹೊಸ ದಿನಾಂಕದ್ದು ಸಿಕ್ಕಿತು, ತಂದು ಅಂಟಿಸಿತು.

ಹಾಗಿದ್ದರೆ ನೆಟ್‌ವರ್ಕ್ ಮಾತ್ರ ಕೆಡಬೇಕಿತ್ತು, ಇಡೀ ಯಂತ್ರವೇಕೆ ಮಲಗಿತು ಎಂಬ ಪ್ರಶ್ನೆ ನನ್ನನ್ನೂ ಕಾಡಿತ್ತು. ನಾವು ಬಳಸುವ ಬರವಣಿಗೆಯ ತಂತ್ರಾಂಶ, ಬ್ರೌಸರ್ ಮೊದಲಾದವು ಗೋಡೆಯ ಹೊರಗೆ ಇರುವಂಥವು. ಅವು ಬಿದ್ದರೆ ಅವಷ್ಟೇ ಬೀಳುತ್ತವೆ. ಡ್ರೈವರ್‌ಗಳಲ್ಲಿ ಹೆಚ್ಚಿನವು ಕರ್ನಲ್ ಎಂಬ ಒಳಮನೆಯಲ್ಲಿ ಇರುತ್ತವೆ, ಮೆಮೊರಿಯ ಯಾವ ಮೂಲೆಗೂ ಕೈಹಾಕಬಲ್ಲವು. ನೆಟ್‌ವರ್ಕ್ ಕಾರ್ಡಿಗೆ ಹೊರಗಿನಿಂದ ಮಾಹಿತಿ ಬಂದಾಗ ಅದು ಪ್ರೊಸೆಸರಿನ ಬಾಗಿಲು ತಟ್ಟುತ್ತದೆ, ಇದನ್ನು ಇಂಟರಪ್ಟ್ ಎನ್ನುತ್ತಾರೆ. ಆ ತುರ್ತಿನಲ್ಲಿ ಡ್ರೈವರಿಗೆ ಒಂದು ಕಟ್ಟುಪಾಡಿದೆ. ಈಗಾಗಲೇ ಮೆಮೊರಿಯಲ್ಲಿ ಇರುವುದನ್ನು ಮಾತ್ರ ಮುಟ್ಟಬೇಕು, ಡಿಸ್ಕಿನಿಂದ ತರಿಸಿಕೊಳ್ಳುವಂತಿಲ್ಲ. ಐಆರ್‌ಕ್ಯೂಎಲ್ ಎಂದರೆ ಆ ತುರ್ತಿನ ಮಟ್ಟದ ಹೆಸರು. ತುರ್ತಿನ ಮಟ್ಟದಲ್ಲಿದ್ದ ಡ್ರೈವರ್ ಅಲ್ಲಿ ಇಲ್ಲದ ವಿಳಾಸಕ್ಕೆ ಕೈಹಾಕಿದರೆ, ಇನ್ನು ಮುಂದುವರಿದರೆ ಡಿಸ್ಕಿನಲ್ಲಿರುವುದೂ ಕೆಡಬಹುದೆಂದು ವಿಂಡೋಸ್ ತಾನೇ ಎಲ್ಲವನ್ನೂ ನಿಲ್ಲಿಸಿಬಿಡುತ್ತದೆ. ನೀಲಿ ಪರದೆ ಎಂದರೆ ವಿಂಡೋಸ್ ಎಚ್ಚರ ತಪ್ಪಿತು ಎಂದಲ್ಲ, ಎಚ್ಚರದಿಂದ ನಿಂತಿತು ಎಂದು.

ದೊಡ್ಡ ಕಡತವೇ ಯಾಕೆ ಬೇಕಾಯಿತು ಎಂಬುದಕ್ಕೂ ಉತ್ತರ ಇಲ್ಲಿಯೇ ಇದೆ. ಒಂದು ಗಿಗಾಬಿಟ್ ವೇಗದ ಕೇಬಲಿನಲ್ಲಿ 1,500 ಬೈಟುಗಳ ಪೊಟ್ಟಣಗಳು ತುಂಬಿ ಹರಿದರೆ ಸೆಕೆಂಡಿಗೆ ಸುಮಾರು 81,000 ಪೊಟ್ಟಣಗಳಾಗುತ್ತವೆ. ಪತ್ರವೊಂದನ್ನು ಕಳುಹಿಸುವಾಗ ಆ ತಪ್ಪು ಪುಟಸಂಖ್ಯೆಯ ಗೊಡವೆಗೇ ಡ್ರೈವರ್ ಹೋಗುವುದಿಲ್ಲ. 480 ಪುಟಗಳ ಸ್ಕ್ಯಾನ್ ಪ್ರತಿ ಕಳುಹಿಸುವಾಗ ಹೋಗದೆ ವಿಧಿಯಿಲ್ಲ.

ಒಳಮನೆಯಲ್ಲಿ ಇರುವವರ ಸಣ್ಣ ಎಡವಟ್ಟು ಎಷ್ಟು ದೊಡ್ಡದಾಗಬಲ್ಲದು ಎಂಬುದನ್ನು 2024ರ ಜುಲೈ 19ರಂದು ಜಗತ್ತೇ ನೋಡಿತು. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ತಂತ್ರಾಂಶಕ್ಕೆ ಬಂದ ಒಂದು ಅಪ್‌ಡೇಟ್‌ನಿಂದ, ಮೈಕ್ರೋಸಾಫ್ಟ್‌ನ ಅಂದಾಜಿನಂತೆ, 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿ ಮಲಗಿದವು. ಆ ಕಂಪನಿಯೇ ಆಮೇಲೆ ಕೊಟ್ಟ ವಿವರಣೆ ಓದಿದಾಗ ನನಗೆ ಹಳೆಯ ಪ್ರೂಫ್ ಮೇಜು ನೆನಪಾಯಿತು: ಒಂದು ಕಡೆ 21 ಕಲಮುಗಳಿವೆ ಎಂದು ಬರೆದಿದೆ, ಇನ್ನೊಂದು ಕಡೆ ಕೊಟ್ಟಿರುವುದು 20. ಇಲ್ಲದ ಇಪ್ಪತ್ತೊಂದನೆಯದನ್ನು ಓದಲು ಹೋದದ್ದೇ ಅನಾಹುತಕ್ಕೆ ಕಾರಣ.

ಇನ್ನು ದುರಸ್ತಿ. ಇಲ್ಲಿಯೂ ನಾನು ಒಮ್ಮೆ ಎಡವಿದೆ. ಡಿವೈಸ್ ಮ್ಯಾನೇಜರಿನಲ್ಲಿ ಆ ಕಾರ್ಡನ್ನು ‘ಅನ್‌ಇನ್‌ಸ್ಟಾಲ್’ ಮಾಡಿ ಗೆದ್ದೆ ಎಂದುಕೊಂಡೆ. ರಿಸ್ಟಾರ್ಟ್ ಆದ ಕೂಡಲೇ ಅದೇ ಡ್ರೈವರ್ ಅದೇ ಜಾಗದಲ್ಲಿ ಮತ್ತೆ ಕೂತಿತ್ತು. ಕಾರಣ, ವಿಂಡೋಸ್ ತನ್ನ ಉಗ್ರಾಣದಲ್ಲಿ ಅದರ ಪ್ರತಿಯನ್ನು ಇಟ್ಟುಕೊಂಡಿರುತ್ತದೆ. ಅನ್‌ಇನ್‌ಸ್ಟಾಲ್ ಮಾಡುವಾಗ ಡ್ರೈವರನ್ನೂ ತೆಗೆದುಹಾಕು ಎಂಬ ಪುಟ್ಟ ಚೌಕಕ್ಕೆ ಗುರುತು ಹಾಕಬೇಕು. ಅದಕ್ಕಿಂತ ಮುಖ್ಯವಾದದ್ದು: ಕೀಳುವ ಮೊದಲೇ ಸರಿಯಾದ ಡ್ರೈವರನ್ನು ಇಳಿಸಿಕೊಂಡು ಪೆನ್‌ಡ್ರೈವಿನಲ್ಲಿ ಇಟ್ಟುಕೊಳ್ಳಬೇಕು. ನೆಟ್‌ವರ್ಕ್ ಡ್ರೈವರನ್ನು ಕಿತ್ತ ಮೇಲೆ ಇಂಟರ್‌ನೆಟ್ ಎಲ್ಲಿಂದ ಬರಬೇಕು? ಹೊಸ ಬೀಗದ ಕೈ ಮನೆಯೊಳಗೇ ಉಳಿದ ಹಾಗೆ. ನನ್ನ ಕಂಪ್ಯೂಟರಿನ ಮಾದರಿ ಸಂಖ್ಯೆ ಕೊಟ್ಟು, ಅದನ್ನು ತಯಾರಿಸಿದವರ ತಾಣದಿಂದಲೇ ಡ್ರೈವರ್ ಇಳಿಸಿಕೊಂಡೆ. ಅದು ಅಪ್‌ಡೇಟರ್ ತಂದದ್ದಕ್ಕಿಂತ ಎರಡು ವರ್ಷ ಹಳೆಯದು. ಕೇಬಲ್ ಕಿತ್ತು, ಡ್ರೈವರ್ ತೆಗೆದು, ರಿಸ್ಟಾರ್ಟ್ ಮಾಡಿ, ಹಳೆಯದನ್ನು ಹಾಕಿ, ಕೇಬಲ್ ಸಿಕ್ಕಿಸಿ, 480 ಪುಟಗಳನ್ನು ಮೂರು ಸಲ ಆಚೀಚೆ ಕಳುಹಿಸಿದೆ. ಅಲುಗಾಡಲಿಲ್ಲ. ನಿದ್ದೆಯಿಂದ ಏಳುವಾಗಿನ ಆ ಎರಡನೆಯ ದೋಷವೂ ಕಾಣದಾಯಿತು, ಅದೂ ಇದೇ ಡ್ರೈವರಿನ ಕೆಲಸವಾಗಿತ್ತು. ಅಪ್‌ಡೇಟರನ್ನು ಆ ಸಂಜೆಯೇ ಹೊರಗೆ ಹಾಕಿದೆ.

‘ಡ್ರೈವರ್ ವೆರಿಫೈಯರ್’ ಎಂಬ ಸಾಧನವನ್ನು ಓಡಿಸಿ ನೋಡಿ ಎಂದು ಸಲಹೆ ಕೊಡುವವರಿದ್ದಾರೆ. ಅದು ವಿಂಡೋಸಿನಲ್ಲೇ ಇದೆ, ಡ್ರೈವರ್‌ಗಳನ್ನು ಬೇಕೆಂದೇ ಒತ್ತಡಕ್ಕೆ ಒಡ್ಡಿ ತಪ್ಪಿತಸ್ಥನನ್ನು ಹಿಡಿಯುತ್ತದೆ. ಯಂತ್ರ ಏಳುವಾಗಲೇ ಮತ್ತೆ ಮತ್ತೆ ಕುಸಿದು, ಒಳಗೆ ಹೋಗಲಾಗದ ಸ್ಥಿತಿಯೂ ಬರಬಹುದು. ಸೇಫ್ ಮೋಡಿನಲ್ಲಿ ಅದನ್ನು ರದ್ದು ಮಾಡುವ ಬಗೆ ಗೊತ್ತಿಲ್ಲದವರು ಅದರ ಸಹವಾಸಕ್ಕೆ ಹೋಗದಿರುವುದು ಮೇಲು. ನನ್ನನ್ನು ತಂಗಿಯ ಮಗ ಅದರ ಹತ್ತಿರಕ್ಕೂ ಬಿಡಲಿಲ್ಲ.

ಹೊಸತೆಲ್ಲ ಕೆಟ್ಟದ್ದು ಎಂಬುದು ನನ್ನ ವಾದವಲ್ಲ. ವಿಂಡೋಸಿನ ಭದ್ರತಾ ಅಪ್‌ಡೇಟ್‌ಗಳನ್ನು ನಾನು ತಪ್ಪದೆ ಹಾಕಿಕೊಳ್ಳುತ್ತೇನೆ. ಡ್ರೈವರ್‌ಗಳಲ್ಲೂ ಭದ್ರತೆಯ ತೂತುಗಳು ಇರುತ್ತವೆ, ಅದಕ್ಕಾಗಿ ತಯಾರಕರು ಹೊಸದನ್ನು ಕೊಟ್ಟರೆ ಹಾಕಿಕೊಳ್ಳಲೇಬೇಕು. ನನ್ನ ತಕರಾರು ಆ ‘ಎಲ್ಲ’ ಮತ್ತು ‘ಆಗಾಗ’ ಎಂಬ ಎರಡು ಪದಗಳ ಮೇಲೆ. ತಯಾರಕರ ಮೇಲೂ ಒಂದು ದೂರಿದೆ. ಹೊಸ ಆವೃತ್ತಿಯಲ್ಲಿ ಏನು ಬದಲಾಗಿದೆ ಎಂದು ಕೇಳಿದರೆ ‘ಸುಧಾರಣೆಗಳು’ ಎಂಬ ಒಂದೇ ಪದ ಸಿಗುತ್ತದೆ. ‘ಪರಿಷ್ಕೃತ ಮುದ್ರಣ’ ಎಂದು ಹೊದಿಕೆಯ ಮೇಲೆ ಅಚ್ಚು ಹಾಕಿ, ಒಳಗೆ ಏನು ಪರಿಷ್ಕರಿಸಿದ್ದೇವೆ ಎಂದು ಹೇಳದ ಪ್ರಕಾಶಕರನ್ನು ನಾನು ಎಂದೂ ನಂಬಿದವಳಲ್ಲ.

ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟು: ಆ ಸಲಹೆಗಳಿಗೆ ಒಂದು ಒಪ್ಪೋಲೆ ಪ್ರಕಟಿಸಿ. ಹಳೆಯ ಅಭ್ಯಾಸದಂತೆ ನಾನೇ ಬರೆದುಕೊಟ್ಟಿದ್ದೇನೆ.

ತಪ್ಪು: ‘ಎಲ್ಲ ಡ್ರೈವರ್‌ಗಳನ್ನೂ ಆಗಾಗ ಅಪ್‌ಡೇಟ್ ಮಾಡಿಕೊಳ್ಳಿ.’ ಒಪ್ಪು: ‘ತೊಂದರೆ ಇರುವ ಅಥವಾ ಭದ್ರತೆಗೆ ಬೇಕಾದ ಡ್ರೈವರನ್ನು, ನಿಮ್ಮ ಯಂತ್ರದ ಮಾದರಿಗೆಂದು ಅದರ ತಯಾರಕರು ಕೊಟ್ಟದ್ದನ್ನೇ, ಒಂದೊಂದಾಗಿ ಹಾಕಿಕೊಳ್ಳಿ.’

ತಪ್ಪು: ‘ನೀಲಿ ಪರದೆ ಪದೇ ಪದೇ ಬಂದರೆ ಫಾರ್ಮ್ಯಾಟ್ ಮಾಡಿಸುವುದೇ ಕ್ಷೇಮ.’ ಒಪ್ಪು: ‘ನೀಲಿ ಪರದೆ ಪದೇ ಪದೇ ಬಂದರೆ ಅದರಲ್ಲಿ ಏನಿದೆ ಎಂದು ಬರೆದುಕೊಳ್ಳಿ.’

ನಿಮ್ಮ ಹಳೆಯ ಓದುಗರಲ್ಲಿ ಒಬ್ಬಳು,
ಒಬ್ಬ ನಿವೃತ್ತ ಪ್ರೂಫ್ ರೀಡರ್